ಗೋದಾವರಿ ತೀರದ ಪೋಲೀಸು ಅಧಿಕಾರದಲ್ಲಿ ಸ್ತ್ರೀಯರು

೧

ಬನವಾಸಿ ಹನ್ನೆರಡು ಸಾವಿರದೊಳಗೆ ನಾಗರಖಂಡ ಎಪ್ಪತ್ತು ಎಂಬುದೊಂದು ನಾಡು. ಕ್ರಿಸ್ತಶಕ ಹತ್ತನೆಯ ಶತಮಾನದ ಆದಿಭಾಗದಲ್ಲಿ ಆ ನಾಡಿನ ನಾಳ್ಗಾವುಂಡ ಪದವಿಯಲ್ಲಿ ಜಕ್ಕಿಯಬ್ಬೆಯೆಂಬ ಸ್ತ್ರೀಯಿದ್ದಳೆಂಬ ಸಂಗತಿ ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯ ಶಾಸನದಿಂದ ವಿದಿತವಾಗಿದೆ. ಆ ಪದವಿಯಲ್ಲಿದ್ದ ಅವಳ ಪತಿ ನಾಗಾರ್ಜುನನು ರಾಜಕಾರ್ಯದಲ್ಲಿ ಮಡಿದ ಬಳಿಕ ಪ್ರಭುತ್ವವು ಅದೇ ಹೊಣೆಯನ್ನು ಅವಳಿಗೆ ಒಪ್ಪಿಸಿತು. ಅವಳು ನಾಡನ್ನು ಸಮರ್ಥವಾಗಿ ಕಾಪಾಡಿದಳೆಂದೂ, ಕೊನೆಗೆ ರೋಗಪೀಡಿತಳಾಗಿ ಮಗಳಿಗೆ ಅಧಿಕಾರವನ್ನು ವಹಿಸಿ ಸಲ್ಲೇಖನ ವ್ರತದಿಂದ ದೇಹ ಬಿಟ್ಟಳೆಂದೂ ಶಾಸನ ಹೇಳುತ್ತದೆ. ಆಗ ರಾಜ್ಯವಾಳುತ್ತಿದ್ದವರು ರಾಷ್ಟ್ರಕೂಟರು. ಇಂದಿನ ಛತ್ರಪತಿ ಸಂಭಾಜಿನಗರದ ಸಮೀಪದಲ್ಲಿರುವ ಎಲ್ಲೋರದ ಕೈಲಾಸ ದೇವಾಲಯವನ್ನು ಒಂದನೆಯ ಕೃಷ್ಣನ ಕಾಲದಲ್ಲಿ ಕಡೆಯಿಸಿದ ವಂಶವದು. ಹೀಗೆ ತುಂಗಭದ್ರೆಯ ಸೀಮೆಯೂ ಗೋದಾವರಿಯ ಸೀಮೆಯೂ ಒಂದೇ ಛತ್ರದಡಿ ಇದ್ದ ಕಾಲದಲ್ಲಿ, ರಾಜವಂಶಕ್ಕೆ ಸೇರದ ಒಬ್ಬ ಸ್ತ್ರೀ, ಅಧಿಕಾರಿಯ ಮನೆಯಿಂದ ಬಂದು, ಒಂದು ನಾಡಿನ ರಕ್ಷಣೆಯ ಭಾರವನ್ನು ಹೊತ್ತಿದ್ದಳು.

ಆದರೆ ಅವಳಿಗೆ ಆ ಅಧಿಕಾರ ಬಂದ ದಾರಿಯನ್ನು ಗಮನಿಸಬೇಕು. ಗಂಡನ ಮರಣದಿಂದ ತೆರವಾದ ಸ್ಥಾನವದು. ಹದಿನೆಂಟನೆಯ ಶತಮಾನದಲ್ಲಿ ಅಹಲ್ಯಾಬಾಯಿ ಹೋಳ್ಕರಳೂ ಇದೇ ದಾರಿಯಿಂದ ಬಂದವಳು. ನಾಸಿಕ ಜಿಲ್ಲೆಯ ಚಾಂದವಡದಲ್ಲಿ ಅವಳ ಮನೆತನದ ರಂಗಮಹಲೂ, ಎಲ್ಲೋರದ ಬಳಿ ಅವಳು ಜೀರ್ಣೋದ್ಧಾರ ಮಾಡಿಸಿದ ಘೃಷ್ಣೇಶ್ವರ ದೇವಾಲಯವೂ ಇಂದಿಗೂ ಇವೆ. ಗಂಡ, ಮಾವ, ಮಗ ಒಬ್ಬೊಬ್ಬರಾಗಿ ತೀರಿಕೊಂಡ ಮೇಲೆ ಅವಳ ಕೈಗೆ ರಾಜ್ಯ ಬಂದಿತು. ಸ್ತ್ರೀಯು ವೈಧವ್ಯದ ಬಾಗಿಲಿನಿಂದಲ್ಲದೆ ಅರ್ಹತೆಯ ಬಾಗಿಲಿನಿಂದ ರಕ್ಷಣಾಧಿಕಾರಕ್ಕೆ ಬರುವುದು ಯಾವಾಗ, ಹೇಗೆ ಸಾಧ್ಯವಾಯಿತು? ನಾಸಿಕ ಮತ್ತು ಔರಂಗಾಬಾದ್ ಜಿಲ್ಲೆಗಳ ಪೋಲೀಸು ಆಡಳಿತದ ಇತಿಹಾಸ ಈ ಪ್ರಶ್ನೆಗೆ ತಕ್ಕ ಉದಾಹರಣೆಯನ್ನು ಒದಗಿಸುತ್ತದೆ. ಈ ಎರಡು ಜಿಲ್ಲೆಗಳೂ ಕನ್ನಡ ನಾಡಿನ ಆಡಳಿತ ಚರಿತ್ರೆಯೊಡನೆ ಹೆಣೆದುಕೊಂಡಿರುವುದರಿಂದ ಇದು ಕನ್ನಡಿಗರಿಗೆ ಹೊರಗಿನ ವಿಷಯವೂ ಅಲ್ಲ.

೨

ನಾಸಿಕವು ಮುಂಬಯಿ ಆಧಿಪತ್ಯಕ್ಕೆ ಸೇರಿದ್ದ ಜಿಲ್ಲೆ. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳು ೧೯೫೬ರವರೆಗೆ ಇದ್ದುದೂ ಆ ಆಡಳಿತದಲ್ಲಿಯೇ. ಔರಂಗಾಬಾದ್ ನಿಜಾಮರ ರಾಜ್ಯದ ಜಿಲ್ಲೆ. ಕಲಬುರ್ಗಿ, ರಾಯಚೂರು, ಬೀದರಗಳು ಅದರ ಒಡಹುಟ್ಟಿದ ಜಿಲ್ಲೆಗಳು. ಮುಂಬಯಿ ಕರ್ನಾಟಕದ ಹಳ್ಳಿಗನು ಫೌಜದಾರನೆಂದು ಹೆದರುತ್ತಿದ್ದವನನ್ನು ಹೈದರಾಬಾದು ಕರ್ನಾಟಕದ ಹಳ್ಳಿಗನು ಅಮೀನನೆಂದು ಕರೆಯುತ್ತಿದ್ದನು. ಎರಡು ಹೆಸರುಗಳ ಹಿಂದೆ ಎರಡು ಬೇರೆ ವ್ಯವಸ್ಥೆಗಳಿದ್ದವು.

ಮುಂಬಯಿ ಆಧಿಪತ್ಯದಲ್ಲಿ ಗವರ್ನರ್ ಸರ್ ಜಾರ್ಜ್ ಕ್ಲಾರ್ಕನು ಸಿಂಧ ಪ್ರಾಂತದ ಪೋಲೀಸು ವ್ಯವಸ್ಥೆಯನ್ನು ಕಂಡು ಮೆಚ್ಚಿದ್ದನು. ಅದರ ಮಾದರಿಯಲ್ಲಿ ೧೮೫೩ರ ಸುಧಾರಣೆಯಿಂದ ಪ್ರತಿಯೊಂದು ಜಿಲ್ಲೆಗೂ ಒಬ್ಬ ಸುಪರಿಂಟೆಂಡೆಂಟನ ನೇಮಕವಾಯಿತು. ಅಖಿಲ ಭಾರತದ ಪೋಲೀಸು ಕಾಯಿದೆ ಬಂದದ್ದು ೧೮೬೧ರಲ್ಲಿ. ಮುಂಬಯಿಯು ೧೮೬೭ರಲ್ಲಿಯೂ ೧೮೯೦ರಲ್ಲಿಯೂ ತನ್ನದೇ ಆದ ಜಿಲ್ಲಾ ಪೋಲೀಸು ಕಾಯಿದೆಗಳನ್ನು ಮಾಡಿಕೊಂಡಿತು. ನಿಜಾಮರ ರಾಜ್ಯದಲ್ಲಿ ದಿವಾನ ಸಾಲಾರ್ ಜಂಗನು ೧೮೬೫ರಲ್ಲಿ ಜಿಲ್ಲಾಬಂದಿಯನ್ನು ಜಾರಿಗೆ ತಂದನು. ಆ ಬಳಿಕ ಜಿಲ್ಲೆಯ ಪೋಲೀಸು ಮುಖ್ಯಸ್ಥನಿಗೆ ಮೊಹತಮಿಮನೆಂಬ ಹೆಸರು ರೂಢಿಗೆ ಬಂದಿತು. ಹೆಸರು ಏನೇ ಇರಲಿ, ಎರಡೂ ಕಡೆ ಆ ಪದವಿಯ ಕಲ್ಪನೆ ಒಂದೇ: ಕುದುರೆಯ ಮೇಲೆ ಜಿಲ್ಲೆ ಸುತ್ತುವ, ಬಂದೂಕು ಹಿಡಿದ, ಮಾಜಿಸ್ಟ್ರೇಟನ ಬಲಗೈಯಂತಿರುವ ಪುರುಷ.

ಆ ಪದವಿಗೆ ಯಾರು ಅರ್ಹರೆಂಬ ವಾದ ಮೊದಲು ಹುಟ್ಟಿದ್ದು ಸ್ತ್ರೀಯರ ವಿಷಯದಲ್ಲಿ ಅಲ್ಲ, ಭಾರತೀಯ ಪುರುಷರ ವಿಷಯದಲ್ಲಿ. ಆಂಡ್ರೂ ಫ್ರೇಸರನ ಅಧ್ಯಕ್ಷತೆಯಲ್ಲಿ ೧೯೦೨–೦೩ರಲ್ಲಿ ಕುಳಿತ ಪೋಲೀಸು ಆಯೋಗವು ಜಿಲ್ಲಾ ಸುಪರಿಂಟೆಂಡೆಂಟನ ಸ್ಥಾನವನ್ನು ಇಂಗ್ಲೆಂಡಿನಲ್ಲಿ ನೇಮಕವಾಗುವ ಯುರೋಪಿಯನರಿಗೆ ಉಳಿಸಿ, ಭಾರತೀಯರಿಗಾಗಿ ಡೆಪ್ಯುಟಿ ಸುಪರಿಂಟೆಂಡೆಂಟ್ ಎಂಬ ಕೆಳಗಿನ ಮೆಟ್ಟಿಲೊಂದನ್ನು ಸೂಚಿಸಿತು. ಭಾರತೀಯನು ಸೇವೆಗೆ ಬರಬಹುದು, ಆದರೆ ಜಿಲ್ಲೆಯ ಹೊಣೆ ಅವನಿಗಿಲ್ಲ. ಇದು ಆ ಏರ್ಪಾಟಿನ ಸಾರಾಂಶ. ಪ್ರವೇಶ ಬೇರೆ, ಹೊಣೆ ಬೇರೆ ಎಂಬ ಈ ಭೇದವೇ ಮುಂದೆ ಸ್ತ್ರೀಯರ ವಿಷಯದಲ್ಲಿ ಮರುಕಳಿಸಿತು.

ತರಬೇತಿ ಶಾಲೆಗಳು ಬೇಕೆಂದೂ ಅದೇ ಆಯೋಗ ಒತ್ತಿಹೇಳಿತ್ತು. ಮುಂಬಯಿ ಆಧಿಪತ್ಯದ ಪೋಲೀಸು ಶಿಕ್ಷಣ ಶಾಲೆ ೧೯೦೬ರಲ್ಲಿ ಪುಣೆಯ ಭಾಂಬುರ್ಡೆಯಲ್ಲಿ ಆರಂಭವಾಗಿ ೧೯೦೯ರಲ್ಲಿ ನಾಸಿಕಕ್ಕೆ ಸ್ಥಳಾಂತರಗೊಂಡಿತು. ಆಧಿಪತ್ಯದ ಕನ್ನಡ ಜಿಲ್ಲೆಗಳ ಫೌಜದಾರಿಕೆಗೂ ಈ ಗೋದಾವರಿ ತೀರದ ಕವಾಯತು ಮೈದಾನವೇ ಗುರುಕುಲವಾಯಿತು. ಶಾಲೆ ಬಂದ ವರ್ಷವೇ ಡಿಸೆಂಬರ್ ೨೧ರಂದು ನಾಸಿಕದ ವಿಜಯಾನಂದ ನಾಟಕಗೃಹದಲ್ಲಿ ಕಲೆಕ್ಟರ್ ಜಾಕ್ಸನನನ್ನು ಅನಂತ ಕಾನ್ಹೇರೆಯೆಂಬ ತರುಣನು ಗುಂಡಿಟ್ಟು ಕೊಂದನು. ಅಂದು ಅಲ್ಲಿ ಆಡಬೇಕಾಗಿದ್ದ ನಾಟಕ ದೇವಲರ ‘ಶಾರದಾ’. ಮುದುಕನಿಗೆ ಕನ್ಯೆಯನ್ನು ಮಾರುವ ಪದ್ಧತಿಯನ್ನು ಖಂಡಿಸಿದ ಕೃತಿ. ಹೆಣ್ಣಿನ ದುಃಖ ರಂಗಭೂಮಿಗೆ ಬಂದಿತ್ತು. ಠಾಣೆಯ ಒಳಗೆ ಅದನ್ನು ಕೇಳಬಲ್ಲ ಹೆಣ್ಣು ಇನ್ನೂ ಬಂದಿರಲಿಲ್ಲ.

ಹೈದರಾಬಾದು ಸಂಸ್ಥಾನವು ೧೯೪೮ರ ಸೆಪ್ಟೆಂಬರಿನಲ್ಲಿ ಭಾರತದಲ್ಲಿ ಸೇರಿತು; ಆ ಸೈನಿಕ ಕ್ರಮಕ್ಕೆ ‘ಪೋಲೀಸು ಕಾರ್ಯಾಚರಣೆ’ ಎಂಬ ಹೆಸರೇ ನಿಂತಿತು. ೧೯೫೬ರ ನವೆಂಬರ್ ೧ರಂದು ಎರಡೂ ಆಡಳಿತಗಳ ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಬಂದವು. ಔರಂಗಾಬಾದು ಮೊದಲಾದ ಮರಾಠವಾಡೆಯ ಜಿಲ್ಲೆಗಳು ಮುಂಬಯಿ ರಾಜ್ಯಕ್ಕೆ ಸೇರಿ, ೧೯೬೦ರ ಮೇ ೧ರಂದು ಮಹಾರಾಷ್ಟ್ರದ ಅಂಗಗಳಾದವು. ನಾಸಿಕದ ಪೋಲೀಸೂ ಔರಂಗಾಬಾದಿನ ಪೋಲೀಸೂ ಒಂದೇ ಮನೆಯವರಾದದ್ದು ಹೀಗೆ. ೧೯೫೧ರ ಮುಂಬಯಿ ಪೋಲೀಸು ಕಾಯಿದೆ ಮಹಾರಾಷ್ಟ್ರದಲ್ಲಿ ಮುಂದುವರಿಯಿತು. ಕನ್ನಡ ನಾಡಿಗೆ ೧೯೬೩ರಲ್ಲಿ ತನ್ನದೇ ಕಾಯಿದೆ ಆಯಿತು.

೩

ಸ್ತ್ರೀಯರು ಪೋಲೀಸಿಗೆ ಬಂದದ್ದು ಅಗತ್ಯದಿಂದ. ೧೯೩೦ರ ದಶಕದಲ್ಲಿ ತಿರುವಾಂಕೂರು, ಕಾನಪುರ ಮೊದಲಾದೆಡೆ ಕೆಲವೇ ಮಂದಿ ಸ್ತ್ರೀಯರು ನೇಮಕಗೊಂಡರು. ಮುಷ್ಕರದಲ್ಲಿ ಪಾಲ್ಗೊಂಡ ಹೆಂಗಸರನ್ನು ಹಿಡಿಯುವುದು, ಬಂದಿಗಳ ಝಡತಿ ಮಾಡುವುದು, ಅನಾಥ ಮಕ್ಕಳನ್ನು ನೋಡಿಕೊಳ್ಳುವುದು, ಇಷ್ಟೇ ಅವರ ಕೆಲಸವೆಂದು ಭಾವಿಸಲಾಗಿತ್ತು. ದೇಶವಿಭಜನೆಯ ಕಾಲದ ನಿರಾಶ್ರಿತ ಸ್ತ್ರೀಯರ ಸಂಕಟ ಈ ಅಗತ್ಯವನ್ನು ಹೆಚ್ಚಿಸಿತು. ಆದರೆ ಅಧಿಕಾರವರ್ಗದ ಭಾರತೀಯ ಪೋಲೀಸು ಸೇವೆಗೆ ಒಬ್ಬ ಸ್ತ್ರೀ ಸೇರಲು ೧೯೭೨ನೆಯ ಇಸವಿ ಬರಬೇಕಾಯಿತು. ಆ ವರ್ಷ ಅಮೃತಸರದ ಕಿರಣ್ ಬೇಡಿ ಸೇವೆಗೆ ಆಯ್ಕೆಯಾದರು. ಮಹಿಳೆಯರಿಗಾಗಿಯೇ ಇರುವ ದೇಶದ ಮೊದಲ ಪೋಲೀಸು ಠಾಣೆ ೧೯೭೩ರಲ್ಲಿ ಕೋಝಿಕೋಡಿನಲ್ಲಿ ತೆರೆಯಿತು. ದಕ್ಷಿಣ ಭಾರತದಿಂದ ಈ ಸೇವೆಗೆ ಮೊದಲು ಬಂದ ಸ್ತ್ರೀಯೆಂದು ಹೆಸರಾದ ಜೀಜಾ ಮಾಧವನ್ ಹರಿಸಿಂಗ್ ಅವರು ೧೯೭೫ರ ತಂಡದವರು. ಅವರು ಸೇರಿದ್ದು ಕರ್ನಾಟಕದ ವೃಂದಕ್ಕೆ.

ಬೇಡಿಯವರು ಆಯ್ಕೆಯಾದ ೧೯೭೨ರಲ್ಲಿಯೇ ಮಹಾರಾಷ್ಟ್ರದ ದೇಸಾಯಿಗಂಜ ಠಾಣೆಯಲ್ಲಿ ಒಂದು ಘೋರ ಸಂಗತಿ ನಡೆಯಿತು. ದೂರಿನ ವಿಚಾರಣೆಗೆಂದು ಠಾಣೆಗೆ ಕರೆಸಿಕೊಂಡ ಒಬ್ಬ ಆದಿವಾಸಿ ಹುಡುಗಿಯ ಮೇಲೆ ಠಾಣೆಯ ಆವರಣದಲ್ಲಿಯೇ ಪೋಲೀಸರು ಅತ್ಯಾಚಾರ ಮಾಡಿದರೆಂಬ ಆರೋಪ ಬಂದಿತು. ಮಥುರಾ ಪ್ರಕರಣವೆಂದು ಕಾನೂನಿನ ಇತಿಹಾಸದಲ್ಲಿ ಪ್ರಸಿದ್ಧವಾದ ಈ ಮೊಕದ್ದಮೆಯಲ್ಲಿ ಮುಂಬಯಿ ಉಚ್ಚ ನ್ಯಾಯಾಲಯದ ನಾಗಪುರ ಪೀಠ ಆರೋಪಿಗಳಿಗೆ ಶಿಕ್ಷೆ ವಿಧಿಸಿತು; ೧೯೭೮ರಲ್ಲಿ ಸರ್ವೋಚ್ಚ ನ್ಯಾಯಾಲಯ ಅವರನ್ನು ಬಿಡುಗಡೆ ಮಾಡಿತು. ಮರುವರ್ಷ ಉಪೇಂದ್ರ ಬಕ್ಷಿ, ಲತಿಕಾ ಸರ್ಕಾರ್, ರಘುನಾಥ ಕೇಳಕರ, ವಸುಧಾ ಧಾಗಂವಾರ್ ಎಂಬ ನಾಲ್ವರು ನ್ಯಾಯಶಾಸ್ತ್ರದ ಅಧ್ಯಾಪಕರು ಮುಖ್ಯ ನ್ಯಾಯಾಧೀಶರಿಗೆ ಬಹಿರಂಗ ಪತ್ರ ಬರೆದರು. ದೇಶವ್ಯಾಪಿ ಚಳವಳಿಯ ಫಲವಾಗಿ ೧೯೮೩ರಲ್ಲಿ ದಂಡಸಂಹಿತೆ ತಿದ್ದುಪಡಿಯಾಗಿ, ಬಂಧನದಲ್ಲಿ ನಡೆಯುವ ಅತ್ಯಾಚಾರ ಪ್ರತ್ಯೇಕ ಅಪರಾಧವೆನಿಸಿತು. ಠಾಣೆಯ ಮೇಲೆ ಯಾರ ಹಿಡಿತವಿದೆಯೆಂಬುದು ಬಡ ಹೆಣ್ಣಿಗೆ ಎಷ್ಟು ಮುಖ್ಯವಾದ ಪ್ರಶ್ನೆಯೆಂಬುದನ್ನು ಈ ಪ್ರಕರಣ ತೋರಿಸಿಕೊಟ್ಟಿತು. ಸ್ತ್ರೀಯರಿಗೆ ಪೋಲೀಸು ಅಧಿಕಾರ ಬೇಕೆಂಬ ವಾದಕ್ಕೆ ಕೇವಲ ಉದ್ಯೋಗದ ಸಮಾನತೆಗಿಂತ ಆಳವಾದ ಆಧಾರ ಇಲ್ಲಿದೆ.

ಅದೇ ೧೯೭೯ರಲ್ಲಿ ಕನ್ನಡ ನಾಡಿನ ಮಗಳೊಬ್ಬರು ಇನ್ನೊಂದು ಬಾಗಿಲನ್ನು ತೆರೆಯಿಸಿದರು. ಕೊಡಗಿನ ಚೋನಿರ ಬೆಳ್ಳಿಯಪ್ಪ ಮುತ್ತಮ್ಮನವರು ೧೯೪೯ರಲ್ಲಿ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. ಆ ಸೇವೆಯ ನಿಯಮಗಳ ಪ್ರಕಾರ ಸ್ತ್ರೀಯು ವಿವಾಹಕ್ಕೆ ಸರಕಾರದ ಲಿಖಿತ ಅನುಮತಿ ಪಡೆಯಬೇಕಾಗಿತ್ತು. ಸಂಸಾರದಿಂದ ಕೆಲಸಕ್ಕೆ ಅಡ್ಡಿಯೆಂದು ಕಂಡರೆ ಅವಳಿಂದ ರಾಜೀನಾಮೆ ಕೇಳಬಹುದಾಗಿತ್ತು. ಪುರುಷನಿಗೆ ಈ ಕಟ್ಟಳೆಯಿರಲಿಲ್ಲ. ಮುತ್ತಮ್ಮನವರ ಅರ್ಜಿಯ ತೀರ್ಪಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಈ ಭೇದಭಾವವನ್ನು ಕಟುವಾಗಿ ಖಂಡಿಸಿದರು. ಆ ತೀರ್ಪು ಪೋಲೀಸಿಗೆ ಸಂಬಂಧಿಸಿದ್ದಲ್ಲವಾದರೂ, ಸ್ತ್ರೀಯಾದ ಮಾತ್ರಕ್ಕೆ ಹೊಣೆಯನ್ನು ತಪ್ಪಿಸುವುದು ಸಂವಿಧಾನಕ್ಕೆ ಒಪ್ಪದೆಂಬ ತತ್ವ ಅದರಿಂದ ಗಟ್ಟಿಯಾಯಿತು.

೪

ಈ ಹಿನ್ನೆಲೆಯಲ್ಲಿ ೧೯೮೧ರಲ್ಲಿ ಮಹಾರಾಷ್ಟ್ರ ವೃಂದಕ್ಕೆ ಬಂದವರು ಮೀರಾಂ ಚಡ್ಢಾ ಬೋರವಣಕರ್. ಪಂಜಾಬಿನ ಫಾಜಿಲ್ಕಾದಲ್ಲಿ ಹುಟ್ಟಿ, ಜಾಲಂಧರದಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಓದಿದ ಅವರಿಗೆ ಮರಾಠಿ ಸೀಮೆ ಪರನಾಡೇ ಆಗಿತ್ತು. ಮುಂಬಯಿಯಲ್ಲಿ ಡೆಪ್ಯುಟಿ ಕಮಿಷನರಾಗಿ ಕೆಲಸ ಮಾಡಿದುದಲ್ಲದೆ, ಔರಂಗಾಬಾದಿನಲ್ಲಿಯೂ, ೧೯೯೬ರಿಂದ ೧೯೯೯ರವರೆಗೆ ಸಾತಾರಾದಲ್ಲಿಯೂ ಅವರು ಜಿಲ್ಲಾ ಸುಪರಿಂಟೆಂಡೆಂಟರ ಹೊಣೆಯನ್ನು ನಿರ್ವಹಿಸಿದರು. ಮೊಹತಮಿಮನು ಕುಳಿತಿದ್ದ ಜಿಲ್ಲೆಯ ಪೀಠದಲ್ಲಿ ಸ್ತ್ರೀಯೊಬ್ಬರು ಕುಳಿತದ್ದು ಸಣ್ಣ ಸಂಗತಿಯಲ್ಲ. ರಾಜಧಾನಿಯ ಕಚೇರಿಯಲ್ಲಿ ಅಧಿಕಾರಿಯ ಮೇಲೆ ಅಧಿಕಾರಿಯಿರುತ್ತಾನೆ. ತಪ್ಪೂ ಒಪ್ಪೂ ಹಂಚಿಹೋಗುತ್ತವೆ. ಜಿಲ್ಲೆಯಲ್ಲಿ ನಡುರಾತ್ರಿ ಗಲಭೆಯೆದ್ದರೆ ಬಲವನ್ನು ಕಳಿಸಬೇಕೆ ಬೇಡವೆ, ಎಷ್ಟು ಬಲ, ಯಾರ ಕೈಯಲ್ಲಿ ಎಂಬುದನ್ನು ಅಲ್ಲಿಯ ಮುಖ್ಯಸ್ಥನೇ ನಿರ್ಣಯಿಸಬೇಕು. ಪೋಲೀಸು ಅಧಿಕಾರಿಯ ನಿಜವಾದ ಪರೀಕ್ಷೆ ಜಿಲ್ಲೆಯೆಂದು ಹಳಬರು ಹೇಳುತ್ತಿದ್ದುದು ಇದರಿಂದಲೇ.

ಹುಡುಗಿಯರನ್ನು ಬೆದರಿಸಿ ಕೆಡಿಸಿದ, ೧೯೯೪ರಲ್ಲಿ ಬಯಲಿಗೆ ಬಂದ ಜಳಗಾಂವದ ಕುಖ್ಯಾತ ಪ್ರಕರಣದ ತನಿಖೆಯಲ್ಲಿ ರಾಜ್ಯದ ಗುಪ್ತ ಅಪರಾಧ ವಿಭಾಗದ ಪರವಾಗಿ ಬೋರವಣಕರ್ ದುಡಿದರು. ೨೦೦೪ರಲ್ಲಿ ಮುಂಬಯಿಯ ಅಪರಾಧ ಶಾಖೆಯ ಮೊದಲ ಮಹಿಳಾ ಮುಖ್ಯಸ್ಥೆಯಾದರು, ೨೦೧೦ರಿಂದ ೨೦೧೨ರವರೆಗೆ ಪುಣೆಯ ಕಮಿಷನರಾಗಿದ್ದರು, ೨೦೧೭ರಲ್ಲಿ ನಿವೃತ್ತರಾದರು. ಈ ಮೆಟ್ಟಿಲುಗಳಿಗೆಲ್ಲ ಅಡಿಗಲ್ಲಾದದ್ದು ಜಿಲ್ಲೆಯ ಅನುಭವ. ಈ ಮಧ್ಯೆ ೧೯೯೪ರಲ್ಲಿ ಮಹಾರಾಷ್ಟ್ರ ಸರಕಾರವು ತನ್ನ ಮಹಿಳಾ ನೀತಿಯನ್ನು ಪ್ರಕಟಿಸಿತು. ರಾಜ್ಯದ ನೌಕರಿಗಳಲ್ಲಿ ನೂರಕ್ಕೆ ಮೂವತ್ತು ಸ್ಥಾನಗಳು ಸ್ತ್ರೀಯರಿಗೆ ಮೀಸಲಾದವು.

೫

ಔರಂಗಾಬಾದ್ ಮತ್ತು ನಾಸಿಕ, ಈ ಎರಡೂ ಜಿಲ್ಲೆಗಳ ಗ್ರಾಮೀಣ ಪೋಲೀಸಿನ ಮುಖ್ಯಸ್ಥೆಯಾಗಿ ಒಬ್ಬರೇ ಕೆಲಸ ಮಾಡಿದ ಉದಾಹರಣೆ ಡಾ. ಆರತಿ ಸಿಂಗ್ ಅವರದು. ಉತ್ತರ ಪ್ರದೇಶದ ಮಿರ್ಜಾಪುರದವರು, ವೈದ್ಯಶಾಸ್ತ್ರದ ಪದವೀಧರರು, ೨೦೦೬ರ ತಂಡದಲ್ಲಿ ಪೋಲೀಸು ಸೇವೆಗೆ ಬಂದವರು. ನಕ್ಸಲರ ಉಪಟಳವಿದ್ದ ಗಡಚಿರೋಲಿಯಲ್ಲಿ ಅವರ ಆರಂಭದ ವರ್ಷಗಳು ಕಳೆದವು. ಮೇಲೆ ಹೇಳಿದ ದೇಸಾಯಿಗಂಜ ಇಂದು ಸೇರಿರುವುದು ಇದೇ ಜಿಲ್ಲೆಗೆ. ೨೦೦೯ರ ಅಕ್ಟೋಬರಿನಲ್ಲಿ ಲಾಹೇರಿಯಲ್ಲಿ ಹದಿನೇಳು ಮಂದಿ ಪೋಲೀಸರು ನಕ್ಸಲರ ಗುಂಡಿಗೆ ಬಲಿಯಾದ ಸೀಮೆಯದು. ಸ್ತ್ರೀಗೆ ಕಠಿನ ಪ್ರದೇಶ ಸಲ್ಲದೆಂಬ ಹಳೆಯ ಮಾತಿಗೆ ಇಂಥ ನೇಮಕವೇ ಉತ್ತರವಾಯಿತು.

ಅವರು ಔರಂಗಾಬಾದ್ ಗ್ರಾಮೀಣದ ಮುಖ್ಯಸ್ಥೆಯಾಗಿದ್ದಾಗ, ೨೦೧೮ರ ಜುಲೈ ೨೩ರಂದು, ಮರಾಠಾ ಮೀಸಲಾತಿಯ ಚಳವಳಿಯಲ್ಲಿ ತರುಣನೊಬ್ಬನು ಕಾಯಗಾಂವದ ಬಳಿ ಗೋದಾವರಿಗೆ ಹಾರಿ ಪ್ರಾಣ ಬಿಟ್ಟನು. ರಾಜ್ಯವೆಲ್ಲ ಕುದಿಯಿತು. ಅಂಥ ಗಳಿಗೆಯಲ್ಲಿ ಜಿಲ್ಲೆಯ ಪೋಲೀಸು ಮುಖ್ಯಸ್ಥರ ಮುಂದಿರುವುದು ಅಪರಾಧಿಗಳ ಗುಂಪಲ್ಲ, ದುಃಖಿತ ಜನಸಮುದಾಯ. ೨೦೧೯ರಲ್ಲಿ ಅವರು ನಾಸಿಕ ಗ್ರಾಮೀಣಕ್ಕೆ ವರ್ಗವಾದರು. ಔರಂಗಾಬಾದ್ ಗ್ರಾಮೀಣದ ಹೊಣೆ ಮೋಕ್ಷದಾ ಪಾಟೀಲ್ ಎಂಬ ಇನ್ನೊಬ್ಬ ಮಹಿಳಾ ಅಧಿಕಾರಿಗೆ ಬಂದಿತು. ಒಬ್ಬ ಸ್ತ್ರೀಯಿಂದ ಇನ್ನೊಬ್ಬ ಸ್ತ್ರೀಗೆ ಜಿಲ್ಲೆಯ ಅಧಿಕಾರ ಹಸ್ತಾಂತರವಾದದ್ದು ಜಕ್ಕಿಯಬ್ಬೆಯ ಮಗಳ ವೃತ್ತಾಂತವನ್ನು ನೆನಪಿಗೆ ತರುತ್ತದೆ. ಭೇದವಿಷ್ಟೆ: ಅಲ್ಲಿ ವಂಶಕ್ರಮ, ಇಲ್ಲಿ ವರ್ಗಾವಣೆಯ ಆಜ್ಞೆ. ಆ ಆಜ್ಞೆಯನ್ನು ಯಾರೂ ಚಮತ್ಕಾರವೆಂದು ತಿಳಿಯದೆ ಹೋದದ್ದೇ ಅದರ ಐತಿಹಾಸಿಕ ಮಹತ್ವ.

ನಾಸಿಕ ಗ್ರಾಮೀಣದ ಸರಹದ್ದಿನಲ್ಲಿ ಮಾಲೇಗಾಂವ ಪಟ್ಟಣವಿದೆ. ಮೋಸಮ್ ನದಿಯ ದಡದ, ಯಂತ್ರಮಗ್ಗಗಳ ಈ ಊರಿನಲ್ಲಿ ನೇಕಾರರು ಬಹುಸಂಖ್ಯಾತರು. ೧೮೫೭ರ ದಂಗೆಯ ಬಳಿಕ ಉತ್ತರದಿಂದ ವಲಸೆ ಬಂದ ಮುಸಲ್ಮಾನ ನೇಕಾರರ ಸಂತತಿಯವರು ಅವರಲ್ಲಿ ಅನೇಕರು. ಪೋಲೀಸು ಚರಿತ್ರೆಯಲ್ಲಿ ಈ ಊರು ಕಹಿ ನೆನಪುಗಳ ಸ್ಥಾನ. ೧೯೨೧ರ ಏಪ್ರಿಲಿನಲ್ಲಿ ಖಿಲಾಫತ್ ಚಳವಳಿಯ ಕಾಲದ ಗಲಭೆಯಲ್ಲಿ ಒಬ್ಬ ಸಬ್ ಇನ್‌ಸ್ಪೆಕ್ಟರನು ಇಲ್ಲಿ ಹತನಾದನು. ೨೦೦೧ರಲ್ಲಿ ಗಲಭೆ, ೨೦೦೬ ಮತ್ತು ೨೦೦೮ರ ಸೆಪ್ಟೆಂಬರುಗಳಲ್ಲಿ ಬಾಂಬುಸ್ಫೋಟ. ಜನರಿಗೆ ಪೋಲೀಸರ ಮೇಲೆ, ಪೋಲೀಸರಿಗೆ ಜನರ ಮೇಲೆ ನಂಬಿಕೆ ಕಡಿಮೆಯಾದದ್ದು ಸಹಜ.

ಇಂಥ ಊರಿನಲ್ಲಿ ೨೦೨೦ರ ಏಪ್ರಿಲ್ ೮ರಂದು ಕೊರೋನಾ ಸೋಂಕಿನ ಮೊದಲ ಪ್ರಕರಣಗಳು ಕಂಡುಬಂದವು. ದೇಶದಲ್ಲಿ ಸಂಚಾರನಿರ್ಬಂಧ ಜಾರಿಯಲ್ಲಿದ್ದ ಕಾಲ. ಮಗ್ಗಗಳು ನಿಂತವು. ಒತ್ತೊತ್ತಾಗಿ ಕಟ್ಟಿದ ಚಿಕ್ಕ ಮನೆಗಳಲ್ಲಿ ದೂರವಿರಿಯೆಂಬ ಆಜ್ಞೆ ಪಾಲಿಸಲು ಜಾಗವೇ ಇರಲಿಲ್ಲ. ದಿನಗಳೆದಂತೆ ಈ ಪಟ್ಟಣ ರಾಜ್ಯದ ಅತ್ಯಂತ ಆತಂಕದ ಕೇಂದ್ರಗಳಲ್ಲಿ ಒಂದಾಯಿತು. ಕಾವಲಿಗೆ ಬಂದ ಪೋಲೀಸರಲ್ಲಿಯೇ ನೂರಕ್ಕಿಂತ ಹೆಚ್ಚು ಮಂದಿಗೆ ರೋಗ ತಗುಲಿತು. ಕೆಲವರು ಪ್ರಾಣ ತೆತ್ತರು. ತಮ್ಮ ಸಿಬ್ಬಂದಿಯನ್ನು ರೋಗದ ಬಾಯಿಗೆ ಕಳಿಸುವ ಆಜ್ಞೆಗೆ ಸಹಿ ಹಾಕಬೇಕಾದವರು, ಅವರ ಸಾವಿಗೆ ಉತ್ತರ ಹೇಳಬೇಕಾದವರು ಆ ಜಿಲ್ಲೆಯ ಮುಖ್ಯಸ್ಥೆ. ರೋಗದ ರೀತಿಯನ್ನು ಬಲ್ಲ ವೈದ್ಯೆ ಆ ಸ್ಥಾನದಲ್ಲಿದ್ದುದು ಯೋಗಾಯೋಗ. ಲಾಠಿಯಿಂದ ಚದರಿಸಲಾಗದ, ಬಂದೂಕಿಗೆ ಬಗ್ಗದ ಶತ್ರುವಿನ ಮುಂದೆ ೧೮೫೩ರ ಸುಪರಿಂಟೆಂಡೆಂಟನ ದೇಹಬಲದ ಕಲ್ಪನೆ ನಿಷ್ಪ್ರಯೋಜಕವಾಯಿತು. ಊರಿನ ಹಿರಿಯರನ್ನೂ ಮೌಲವಿಗಳನ್ನೂ ಒಲಿಸಿಕೊಳ್ಳುವ ಮಾತು, ಸೋತ ಸಿಬ್ಬಂದಿಗೆ ಧೈರ್ಯ, ಆಸ್ಪತ್ರೆಯೊಡನೆ ಹೊಂದಾಣಿಕೆ, ಅಂಥ ಸಮಯಕ್ಕೆ ಬೇಕಾಗುವ ಆಯುಧಗಳು ಇವೇ. ಅದೇ ವರ್ಷ ಅವರು ಅಮರಾವತಿಯ ಪೋಲೀಸು ಕಮಿಷನರಾಗಿ ನೇಮಕಗೊಂಡರು.

೬

ಈ ವೃತ್ತಾಂತಗಳಿಂದ ಅತಿಯಾದ ತೀರ್ಮಾನಕ್ಕೆ ಬರಲಾಗದು. ಮೇಲಿನ ಪದವಿಗಳು ತೆರೆದವು ನಿಜ: ೨೦೦೪ರಲ್ಲಿ ಉತ್ತರಾಖಂಡದಲ್ಲಿ ಕಾಂಚನ್ ಚೌಧರಿ ಭಟ್ಟಾಚಾರ್ಯ, ೨೦೧೭ರಲ್ಲಿ ಕರ್ನಾಟಕದಲ್ಲಿ ನೀಲಮಣಿ ರಾಜು, ೨೦೨೪ರಲ್ಲಿ ಮಹಾರಾಷ್ಟ್ರದಲ್ಲಿ ರಶ್ಮಿ ಶುಕ್ಲಾ ಆಯಾ ರಾಜ್ಯಗಳ ಪೋಲೀಸಿನ ಮೊದಲ ಮಹಿಳಾ ಮಹಾನಿರ್ದೇಶಕರಾದರು. ಒಂದು ಶತಮಾನ ದಾಟಿದ ನಾಸಿಕದ ಶಿಕ್ಷಣ ಶಾಲೆಯಲ್ಲಿಯೂ ಬೀಡ ಜಿಲ್ಲೆಯ ಮೀನಾ ತುಪೆ ಎಂಬವರು ತಮ್ಮ ತಂಡದ ಅತ್ಯುತ್ತಮ ಶಿಕ್ಷಣಾರ್ಥಿಯ ಗೌರವವನ್ನು ಪಡೆದ ಮೊದಲ ಮಹಿಳೆಯಾದರು. ಆದರೆ ಪೋಲೀಸಿನಲ್ಲಿ ಸ್ತ್ರೀಯರ ಪ್ರಮಾಣ ನೂರಕ್ಕೆ ಮೂವತ್ತಮೂರಕ್ಕೆ ಏರಬೇಕೆಂದು ಕೇಂದ್ರ ಸರಕಾರ ೨೦೦೯ರಿಂದಲೂ ರಾಜ್ಯಗಳಿಗೆ ಸೂಚಿಸುತ್ತ ಬಂದಿದ್ದರೂ, ೨೦೨೩ರ ಆರಂಭದಲ್ಲಿ ಇಡೀ ದೇಶದಲ್ಲಿ ಅದು ನೂರಕ್ಕೆ ಹನ್ನೆರಡರ ಆಸುಪಾಸಿನಲ್ಲಿಯೇ ಇತ್ತು. ಜಿಲ್ಲೆಯ ಪೀಠದಲ್ಲಿ ಸ್ತ್ರೀಯಿದ್ದರೂ, ರಾತ್ರಿಯ ಹೊತ್ತು ಹಳ್ಳಿಯಿಂದ ನಡೆದು ಬಂದ ಹೆಣ್ಣು ಠಾಣೆಯ ಹೊಸಿಲಲ್ಲಿ ಮೊದಲು ಕಾಣುವ ಮುಖ ಬಹುಪಾಲು ಪುರುಷನದೇ.

ಇತಿಹಾಸದ ಕ್ರಮವನ್ನು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಫ್ರೇಸರ್ ಆಯೋಗ ಭಾರತೀಯನಿಗೆ ಪ್ರವೇಶವಿತ್ತು ಹೊಣೆಯನ್ನು ತಡೆಯಿತು. ಸ್ವತಂತ್ರ ಭಾರತ ಅದೇ ತಪ್ಪನ್ನು ತನ್ನ ಹೆಣ್ಣುಮಕ್ಕಳ ವಿಷಯದಲ್ಲಿ ಬಹುಕಾಲ ಮಾಡಿತು. ಹೊಣೆ ಸಿಕ್ಕ ಮೇಲೆ ಅರ್ಹತೆಯ ವಾದ ತಾನಾಗಿ ಮುಗಿಯಿತು. ಔರಂಗಾಬಾದ್ ನಗರಕ್ಕೂ ಜಿಲ್ಲೆಗೂ ೨೦೨೩ರಲ್ಲಿ ಹೊಸ ಹೆಸರು ಬಂದಿದೆ. ಮೊಹತಮಿಮ, ಅಮೀನ, ಫೌಜದಾರ ಎಂಬ ಮಾತುಗಳು ಮುದುಕರ ಬಾಯಲ್ಲಿ ಉಳಿದಿವೆ. ಪದವಿಗಳ ಹೆಸರು ಬದಲಾಗುವುದು ಸುಲಭ. ಅವುಗಳ ಹಿಂದಿರುವ ಮನುಷ್ಯನ ಕಲ್ಪನೆ ಬದಲಾಗುವುದು ನಿಧಾನ. ಬಂದಳಿಕೆಯ ಶಾಸನಕಾರನಿಗೆ ಜಕ್ಕಿಯಬ್ಬೆಯನ್ನು ಹೆಣ್ಣಾದರೂ ಸಮರ್ಥಳೆಂದು ಹೇಳಬೇಕೆನಿಸಿತು. ಆ ‘ಆದರೂ’ ಎಂಬ ಶಬ್ದವಿಲ್ಲದೆ ಜಿಲ್ಲೆಯ ಮುಖ್ಯಸ್ಥೆಯ ವೃತ್ತಾಂತವನ್ನು ಬರೆಯುವ ಕಾಲ ಹತ್ತಿರವಾಗುತ್ತಿದೆಯೆಂಬುದಕ್ಕೆ ಗೋದಾವರಿ ತೀರದ ಈ ಎರಡು ಜಿಲ್ಲೆಗಳು ಸಾಕ್ಷಿಯಾಗಿವೆ.